ಕಸ್ತೂರಿಯ ಹಾಲುಹಲ್ಲು

ದಹಿಸರ್‌ನಲ್ಲಿ ಮದುವೆ ಮೆರವಣಿಗೆಗೆ ಸಾರೋಟು ಬಾಡಿಗೆ ಕೊಡುವ ಅಂಬವ್ವನ ಹಳೆಯ ಕುದುರೆ ಅಂದು ಬೆಳಿಗ್ಗೆಯೇ ಕುಂಟತೊಡಗಿತು. ಸಂಜೆಗೆ ಮೆರವಣಿಗೆ ಇತ್ತು. ಮೈದುನ ಶಶಿಕಾಂತ ಮರಿಕುದುರೆ ಕಸ್ತೂರಿಯ ಬೆನ್ನು ಸವರಿ ಹೇಳಿದ:

“ವೈನಿ, ಇದನ್ನ ಹೂಡೂಣು. ನನ್ನ ಹೆಗಲಮಟ ಬೆಳದದ.”

ಅಂಬವ್ವ ಕಸ್ತೂರಿಯ ತುಟಿ ಎತ್ತಿ ತೋರಿಸಿದಳು.

“ಎತ್ತರ ನೋಡಿ ಹೂಡಬಾರದು, ಹಲ್ಲು ನೋಡಿ ಹೂಡಬೇಕು. ನಡುವಿನ ಹಾಲಹಲ್ಲು ಬಿದ್ದು ದೊಡ್ಡವು ಬರಬೇಕು, ಮೂರು ವರ್ಷ ತುಂಬಬೇಕು. ಆಮ್ಯಾಲ ಹಗುರ ಗಾಡಿ. ಈಗ ಹೂಡಿದರ ಮೊಣಕಾಲು ಜನ್ಮಕ್ಕ ಹೋಗ್ತಾವ.”

“ಒಂದ ದಿನಕ್ಕ ಏನಾಗ್ತದ? ಪಾರ್ಟಿಗೆ ಮಾತು ಕೊಟ್ಟೇನಿ.”

“ಮಾತು ಕೊಟ್ಟಾಂವ ನೀನು, ಕಸ್ತೂರಿ ಅಲ್ಲ.”

ಸಂಜೆ ಬ್ಯಾಂಡಿನೊಂದಿಗೆ ಮೆರವಣಿಗೆ ಹೊರಟಿತು. ತಲೆಗೆ ತುರಾಯಿ ಕಟ್ಟಿಸಿಕೊಂಡ ಕಸ್ತೂರಿ ಏನನ್ನೂ ಎಳೆಯದೆ ಪಕ್ಕದಲ್ಲಿ ನಡೆಯುತ್ತಿತ್ತು. ವರ ಕುಳಿತ ಸಾರೋಟನ್ನು ಶಶಿಕಾಂತನೂ ಅಂಬವ್ವನ ಗಂಡ ಗದಿಗೆಪ್ಪನೂ ಬೆವರು ಸುರಿಸುತ್ತ ಎಳೆಯುತ್ತಿದ್ದರು.

“ಕುದುರಿ ಇದ್ದೂ ಮನಷ್ಯಾರ ಕಡಿಂದ ಯಾಕ ಎಳಸ್ತೀರಿ?” ವರನ ತಂದೆ ರೇಗಿದ.

ಕಸ್ತೂರಿಯ ಲಗಾಮು ಹಿಡಿದಿದ್ದ ಅಂಬವ್ವ ನಡಿಗೆ ನಿಲ್ಲಿಸಲಿಲ್ಲ.

“ಇವರಿಬ್ಬರ ಹಾಲಹಲ್ಲು ಯಾವಾಗೋ ಬಿದ್ದಾವ್ರೀ.”