ಗಾಳಿ ಮರ ಎಂದು ಬರೆದ ತಗಡು

ನಾನು ಒಂದು ತಗಡು. ಎಣ್ಣೆ ಡಬ್ಬಿಯ ಹೊಟ್ಟೆ ಸೀಳಿ, ಬಡಿದು ಚಪ್ಪಟೆ ಮಾಡಿ, ಹಸಿರು ಬಣ್ಣ ಬಳಿದು ನನಗೆ ಜನ್ಮ ಕೊಟ್ಟವರು ಬೋರ್ಡು ಬರೆಯುವ ಗಫಾರ್ ಸಾಬರು. ಊರಿನ ಉದ್ಯಾನದ ಮರಗಳಿಗೆಲ್ಲ ಹೆಸರು ಬರೆಯುವ ಕೆಲಸ ಅವರದಾಗಿತ್ತು. ಹೊಂಗೆ, ಬೇವು, ನೇರಳೆಗಳನ್ನು ಯಾರನ್ನೂ ಕೇಳಬೇಕಿರಲಿಲ್ಲ. ದಕ್ಷಿಣದ ಗೋಡೆಯ ಬಳಿ, ಹೆಣೆದ ಹುರಿಯಂಥ ಎಲೆಗಳ ಎತ್ತರದ ಒಂಟಿ ಮರದ ಮುಂದೆ ಮಾತ್ರ ಅವರ ಕುಂಚ ನಿಂತಿತು.

“ಇದೇನ್ ಮರ, ಚೌಡಯ್ಯ?”

“ಗಾಳಿ ಬೀಸಿದ್ರೆ ಸುಯ್ ಅಂತದಲ್ಲ ಸಾಬ್ರೆ, ಗಾಳಿ ಮರ ಅಂತ್ಲೇ ಬರ್ಕಳಿ,” ಎಂದರು ಮಾಲಿ ಚೌಡಯ್ಯ.

ಮರ ಆಗಲೇ ದಕ್ಷಿಣಕ್ಕೆ ವಾಲಿತ್ತು. ನಾನು ಸೊಟ್ಟಗೆ ಕಾಣಬಾರದೆಂದು ಸಾಬರು ಅದರ ಪೂರ್ವದ ಮೈಗೆ ನನ್ನನ್ನು ಹಿಡಿದು, ಗಾರೆಯವರ ರಸಮಟ್ಟವಿಟ್ಟು ನೋಡಿ, ಎರಡು ಮೊಳೆ ಹೊಡೆದರು.

ಮೂವತ್ತೊಂದು ವರ್ಷ ಅಲ್ಲಿಯೇ ಕಳೆದೆ. ಹುರಿಯೆಲೆಯ ಆ ಜಾತಿಯ ಇನ್ನೊಂದು ಮರ ಊರಿನಲ್ಲಿರಲಿಲ್ಲ. ಬಂದವರು ನನ್ನನ್ನು ಓದಿ ಮುಂದೆ ಹೋಗುತ್ತಿದ್ದರು. ಮರವನ್ನು ತಲೆಯೆತ್ತಿ ನೋಡುತ್ತಿರಲಿಲ್ಲ. ಒಮ್ಮೊಮ್ಮೆ ತೊಗಟೆಯಿಂದ ಬಿಳಿಯ ಅಂಟು ಇಳಿದು ನನ್ನ ಅಂಚಿಗೆ ತಾಗುತ್ತಿತ್ತು. ನಮ್ಮಿಬ್ಬರ ಮಾತುಕತೆ ಅಷ್ಟೇ.

ಒಂದು ದಿನ ಗೋಡೆಯಾಚೆಯ ಮನೆಯ ರುದ್ರಮುನಿ ಪುರಸಭೆಯ ಇಂಜಿನಿಯರನ್ನು ಕರೆತಂದರು. “ಗಾಳಿ ಮರ ಸಾರ್, ಮುದಿಯಾದ್ರೆ ಮುರಿಯೋ ಜಾತಿ. ನನ್ನ ಮನೆ ಮೇಲೇ ವಾಲ್ತಾ ಇದೆ. ಕೆಳಗೆ ಮೊಮ್ಮಗಳು ಮಲಗ್ತಾಳೆ!” ಸಾಕ್ಷಿಗೆ ನನ್ನನ್ನೇ ತೋರಿಸಿದರು. ಇಂಜಿನಿಯರು ನನ್ನನ್ನು ಓದಿ, ಮರಕ್ಕೆ ಕೆಂಪು ಗುರುತು ಹಾಕಿಸಿದರು. ಹೇಳುವುದೇ ನನ್ನ ಕಸುಬು. ಹೇಳಬಲ್ಲ ಮಾತು ಒಂದೇ. ಅದೂ ಸುಳ್ಳು!

ಇಂಜಿನಿಯರ ಜೊತೆ ಗರಗಸ ಬಂದ ಬೆಳಿಗ್ಗೆ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ ಅನಸೂಯಾಬಾಯಿ ವಾಯುವಿಹಾರಕ್ಕೆ ಬಂದವರು ಅಡ್ಡ ನಿಂತರು. ರಸ್ತೆಬದಿಯ ನಿಜವಾದ ಗಾಳಿ ಮರದ, ಅಂದರೆ ಸರ್ವೆಯ, ಹಸಿರು ಕಡ್ಡಿಯೊಂದನ್ನು ರುದ್ರಮುನಿಯವರ ಕೈಗಿತ್ತರು.

“ಚಿಕ್ಕವರಿದ್ದಾಗ ಆಡಿಲ್ವಾ, ‘ಎಲ್ಲಿ ಕಿತ್ತೆ ಹೇಳು’ ಅಂತ?”

ರುದ್ರಮುನಿ ಅದನ್ನು ಗಿಣ್ಣಿನಲ್ಲಿ ಕಿತ್ತು, ಮತ್ತೆ ಸಿಕ್ಕಿಸಿ, ಹುಡುಗನಂತೆ ನಕ್ಕರು.

“ಈಗ ಇದನ್ನ ಕೀಳಿ.”

ನನ್ನ ಮರದಿಂದ ಉದುರಿದ ಹಸಿರು ಕಡ್ಡಿ ಗಿಣ್ಣಿಲ್ಲದೆ ನಾರುನಾರಾಗಿ ಹರಿಯಿತು. ನಗು ನಿಂತಿತು.

“ಇದು ಅರಕೇರಿಯಾ. ದೂರದ ದಕ್ಷಿಣ ಸಮುದ್ರದ ದ್ವೀಪದ್ದು. ನಮ್ಮ ಕಡೆ ಬೆಳೆದ್ರೆ ದಕ್ಷಿಣಕ್ಕೆ ವಾಲೋದು ಇದರ ಹುಟ್ಟುಗುಣ.”

“ಗುಣ ಇರ್ಲಿ ಟೀಚರಮ್ಮ. ವಾಲೋದು ನಿಂತಿದೆ ಅಂತ ಯಾರು ಹೇಳ್ತಾರೆ?”

ಮುಪ್ಪಾಗಿದ್ದ ಚೌಡಯ್ಯ ತಲೆ ತಗ್ಗಿಸಿ ಮುಂದೆ ಬಂದರು. “ತಪ್ ಹೆಸ್ರು ಹೇಳ್ದೋನು ನಾನೇಯ. ಆದ್ರೆ ಈ ತಗಡ್ನ ಸಾಬ್ರು ಮಟ್ಟ ಇಟ್ಟೇ ಹೊಡ್ದಿದ್ರು. ನಾನೇ ಹಿಡ್ಕಂಡಿದ್ದೆ.”

ಇಂಜಿನಿಯರು ರಸಮಟ್ಟ ತರಿಸಿ ನನ್ನ ಮೇಲಂಚಿಗೆ ತಾಗಿಸಿದರು. ಅಂದಿನಿಂದ ಮರ ಇನ್ನಷ್ಟು ವಾಲಿದ್ದರೆ ಅದರೊಂದಿಗೆ ನಾನೂ ವಾಲಿರಬೇಕು. ಗಾಜಿನೊಳಗಿನ ಗುಳ್ಳೆ ಬಲಕ್ಕೆ ಸರಿಯಿತು. ಎಡಕ್ಕೆ ಜಾರಿತು. ಎರಡು ಗೆರೆಗಳ ನಡುವೆ ಬಂದು ನಿಂತಿತು.

ರುದ್ರಮುನಿ ಮೊದಲ ಬಾರಿಗೆ ಮರದ ತುದಿಯವರೆಗೂ ನೋಡಿದರು. “ಹಾಗಾದ್ರೆ ನಾನು ಮನೆ ಕಟ್ಟೋವಾಗ್ಲೂ ಹಿಂಗೇ ಇತ್ತು ಅನ್ನಿ!”

ಗರಗಸ ಹಿಂದಿರುಗಿತು. ಮಾರನೆಯ ದಿನ ನನ್ನನ್ನು ಕಿತ್ತರು. ನ್ಯಾಯವೇ.

ಈಗ ಮಾಲಿಯ ಕೊಠಡಿಯಲ್ಲಿ, ಗೊಬ್ಬರದ ಚೀಲಗಳ ಹಿಂದೆ ಇದ್ದೇನೆ. ಮರಕ್ಕೆ ಹೊಸ ಫಲಕ ಬಂದಿದೆಯಂತೆ, ಸರಿಯಾದ ಹೆಸರಿನದು. ಗಾಳಿ ಬೀಸಿದಾಗ ಆ ಸುಯ್ಯೆಂಬ ಸದ್ದು ಇಲ್ಲಿಗೂ ಕೇಳುತ್ತದೆ. ಮೂವತ್ತೊಂದು ವರ್ಷ ನೆಟ್ಟಗೆ ನಿಂತಿದ್ದ ನಾನು ಇಂದು ಗೋಡೆಗೆ ವಾಲಿದ್ದೇನೆ. ಎಷ್ಟೆಂದು ಮಟ್ಟವಿಟ್ಟು ನೋಡಲು ಯಾರೂ ಬರುವುದಿಲ್ಲ.