ಮುಖಪುಟದ ಕೈ

“ಆ ಮೊಂಡು ಕೈ ಹಿಂದಕ್ಕಿಟ್ಕೊಳ್ಳೋ, ದರಿದ್ರದವನೆ! ಸಾಹುಕಾರ್ರ ಪುಸ್ತಕ ಇದು, ನಿನ್ನ ತಿಥಿ ಕಾಗದ ಅಲ್ಲ!”

ಮ್ಯಾನೇಜರು ಕೂಗಿದ. ನಾನು ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿದೆ. ತಗಡನ್ನು ತಟ್ಟೆಯಾಗಿ ಒತ್ತುವ ಈ ಕಾರ್ಖಾನೆಯಲ್ಲಿ ನನ್ನ ಹೆಸರು ಎಂಟು. ಉಳಿದಿರುವ ಬೆರಳು ಅಷ್ಟೇ. ಪಕ್ಕದ ಯಂತ್ರದವನು ಏಳು. ಹತ್ತೂ ಇದ್ದವನನ್ನು ಹೊಸಬ ಎನ್ನುತ್ತೇವೆ. ಯಂತ್ರಕ್ಕೆ ಕೈ ಸಿಗದಂತೆ ಅಡ್ಡಲಾಗಿ ಒಂದು ಕಬ್ಬಿಣದ ಜಾಲರಿ ಇತ್ತು. ಕೆಲಸ ನಿಧಾನವಾಗುತ್ತದೆಂದು ಬಿಚ್ಚಿಸಿದವರು ಸಾಹುಕಾರರೇ.

ಅಪ್ಪ ಬಿಟ್ಟುಹೋದ ಒಂದು ಕಾರ್ಖಾನೆಯನ್ನು ಅವರು ಮೂರು ಮಾಡಿದರು. ಮಾಲೀಕರ ಸಂಘದ ಅಧ್ಯಕ್ಷರಾದರು, ಆಮೇಲೆ ಎರಡು ಸಲ ಶಾಸಕರು. ಕಾರ್ಮಿಕರ ಸುರಕ್ಷತೆಯ ಸಮಿತಿಗೂ ಅವರೇ ಯಜಮಾನರು, ಎಂಥಾ ಪುಣ್ಯ ನಮ್ಮದು! ಮೂರನೆಯ ಚುನಾವಣೆಗೆ ಅವರ ಜೀವನಚರಿತ್ರೆ ಬರುತ್ತಿತ್ತು, ‘ದುಡಿದ ಕೈಗಳು’. ಮುಖಪುಟದ ಫೋಟೋಕ್ಕೆ ಅವರ ಪಕ್ಕದಲ್ಲೊಬ್ಬ ಕೂಲಿಯವ ಬೇಕಿತ್ತು, ನನ್ನನ್ನು ನಿಲ್ಲಿಸಿದ್ದರು.

ಬೆಳಿಗ್ಗೆ ಹೆಂಡತಿ ಅಂಗಲಾಚಿದ್ದಳು: “ಬಾಯಿ ಬಿಡ್ಬೇಡಿ. ಈ ಕೋಣೆ ಅವರ್ದು. ಮಗಳನ್ನ ಕಟ್ಕೊಂಡು ಎಲ್ಲಿಗ್ ಹೋಗೋದು?”

ಸಾಹುಕಾರರು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು. ಮೆತ್ತಗಿನ ಕೈ.

“ಎಷ್ಟು ಕಾಲ ಆಯ್ತೋ ನಮ್ಮಲ್ಲಿ?”

“ಎರಡು ಬೆರಳಾಯ್ತು, ಸಾಹುಕಾರ್ರೆ.”

ಸುತ್ತ ನಿಂತ ಕೆಲಸಗಾರರು ನಗು ನುಂಗಿಕೊಂಡರು. ಫೋಟೋದವನು ಒಂದು, ಎರಡು ಎಂದ. ಮೂರಕ್ಕೆ ನಾನು ಎಡಗೈ ಎತ್ತಿಬಿಟ್ಟೆ.

“ಸೂಳೆಮಗನೆ!” ಮ್ಯಾನೇಜರು ಕಪಾಳಕ್ಕೆ ಬಿಗಿದ.

“ಬಿಡ್ರೀ,” ಎಂದರು ಸಾಹುಕಾರರು, ನಗುತ್ತಲೇ. “ಕಂಪ್ಯೂಟರಲ್ಲಿ ಸರಿ ಮಾಡ್ತಾರೆ.”

ಮಾಡಿದರು. ವಾರದ ಮೇಲೆ ಮನೆಗೊಂದರಂತೆ ಪುಸ್ತಕ ಹಂಚಿದರು. ಮುಖಪುಟದಲ್ಲಿ ನನ್ನ ಎತ್ತಿದ ಕೈಗೆ ಐದೂ ಬೆರಳಿದ್ದವು, ಉಗುರು ಸಮೇತ. ಒಂದು ಗಳಿಗೆ ಆಸೆಯಾಯಿತು. ನನ್ನ ಕೈಯನ್ನೇ ಮುಟ್ಟಿ ನೋಡಿಕೊಂಡೆ. ಆಮೇಲೆ ಪುಸ್ತಕವನ್ನು ಹೆಂಡತಿಯ ಮುಂದೆ ಎಸೆದೆ. ಬೆರಳು ತೆಗೆದವರೇ ಈಗ ಬೆರಳು ಹೋದದ್ದನ್ನೂ ಕಸಿದುಕೊಂಡಿದ್ದರು.

ಹೆಂಡತಿ ತುಂಬ ಹೊತ್ತು ಚಿತ್ರ ನೋಡಿದಳು. ಕತ್ತರಿ ತಂದು ಆ ಎರಡು ಬೆರಳನ್ನು ಬುಡಕ್ಕೇ ಕತ್ತರಿಸಿದಳು.

“ಇವು ಯಾರ್ದೋ. ನಮ್ಮನೇಲಿ ಬೇಡ.”

ಮುಖಪುಟವನ್ನು ಹರಿದು, ಅಂಟು ಹಚ್ಚಿ ಬಾಗಿಲ ಹೊರಗೆ ಒತ್ತಿದಳು.

“ಕೋಣೆ ಹೋಗುತ್ತೆ ಕಣೇ,” ಎಂದೆ.

“ಗೊತ್ತು,” ಎಂದು ಮೂಲೆಗಳನ್ನು ಇನ್ನೊಮ್ಮೆ ಒತ್ತಿದಳು.

ಮ್ಯಾನೇಜರು ದಿನಾ ಬೆಳಿಗ್ಗೆ ನಮ್ಮ ಕೋಣೆಗಳ ಸಾಲಿನ ಮುಂದೆಯೇ ಹಾದು ಬರುತ್ತಾನೆ. ನಮ್ಮದೇ ಮೊದಲ ಬಾಗಿಲು.