ಬೆನ್ನಿಗೆ ಅಂಟಿಸಿದ ಬಿಳಿ ಹಾಳೆ

ಕಿವಿಗೆ ಯಂತ್ರ ಬಂದ ಮೇಲೆ ದಾರದಮ್ಮ "ಏನಂದ್ರಿ?" ಎಂದು ಮತ್ತೆ ಕೇಳದೆ, ಒಂದೇ ಸಲಕ್ಕೆ ಪೂರ್ತಿ ಕೇಳಿಸಿಕೊಂಡ ಮಾತೆಂದರೆ ಗಂಡ ತೀರಿಕೊಂಡ ಸುದ್ದಿ. ಆಸ್ಪತ್ರೆಯಿಂದ ಫೋನು ಬಂದಾಗ ಬೆಳಗಿನ ಹತ್ತು ಗಂಟೆ. ಅವಳು ಅಂಗಡಿಯಲ್ಲಿ ಕೂತು ಶಾಲೆಯ ಹಾಜರಿ ಪುಸ್ತಕ ಹೊಲಿಯುತ್ತಿದ್ದಳು. ನರ್ಸಿನ ದನಿ ಮೆಲ್ಲಗಿತ್ತು. ಆದರೂ ಒಂದಕ್ಷರ ತಪ್ಪದೆ ಕೇಳಿಸಿತು. "ಸರಿಯಮ್ಮ" ಎಂದು ಫೋನಿಟ್ಟಳು. ಹೊಲಿಗೆಯನ್ನು ಹಾಗೇ ಬಿಟ್ಟರೆ ದಾರ ಸಡಿಲವಾಗುತ್ತದೆಂದು ಗಂಟು ಹಾಕಿ ಕಡಿದಳು. ಆಮೇಲೆ ಯಂತ್ರವನ್ನು ಕಿವಿಯಿಂದ ತೆಗೆದು ಸೂಜಿಯ ಡಬ್ಬಿಯಲ್ಲಿಟ್ಟಳು. ಇನ್ನು ಕೇಳುವಂಥದ್ದು ಏನು ಉಳಿದಿದೆ ಎಂದು.

ಅವಳ ಗಂಡನನ್ನು ಬೀದಿಯವರು ರಟ್ಟಿನ ಮೇಸ್ತ್ರಿ ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಆ ಒಂದೇ ಕೋಣೆಯ ಅಂಗಡಿಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕಿದವನು ಅವನು. ಹಾಳೆಗಳನ್ನು ಮಡಿಸಿ, ಅಂಕಿ ನೋಡಿ ಜೋಡಿಸಿ, ಬೆನ್ನಿನಲ್ಲಿ ಹೊಲಿಯುವುದು ಇವಳ ಕೆಲಸ. ಅದಕ್ಕೇ ದಾರದಮ್ಮ ಎಂಬ ಹೆಸರು. ಸಾವಿರಾರು ಪುಸ್ತಕ ಹೊಲಿದ ಈ ಹೆಂಗಸಿಗೆ ಓದಲು ಬಾರದು. ಯಾರಾದರೂ ಆಶ್ಚರ್ಯಪಟ್ಟರೆ, "ಸೌಟಿಗೆ ಅಡುಗೆ ರುಚಿ ಗೊತ್ತಿರುತ್ತಾ?" ಎಂದು ತಾನೇ ನಗುತ್ತಿದ್ದಳು.

ಮೇಸ್ತ್ರಿಗೆ ಒಂದು ಕಟ್ಟಳೆ ಇತ್ತು. ಹೊಲಿದ ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಅದರ ಮೇಲೆ ಒಂದು ಕಾಗದ ಅಂಟಿಸಬೇಕು. ರಟ್ಟು ಕೂರಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ ಜಾಗಕ್ಕೆ ಹೊಸ ಹಾಳೆ ಹಾಕುವುದು ಪಾಪವೆಂಬುದು ಅವನ ಮತ. ಹಳೆಯ ಜಾಹೀರಾತು, ಮದುವೆಯ ಕರೆಯೋಲೆ, ಔಷಧದ ಚೀಟಿ, ಮನೆಗೆ ಬಂದ ಯಾವ ಮುದ್ರಿತ ಕಾಗದವೂ ಮೇಜಿನ ಕೆಳಗಿನ ಬುಟ್ಟಿಗೆ ಹೋಗಬೇಕು, ಅಲ್ಲಿಂದ ಯಾವುದಾದರೊಂದು ಪುಸ್ತಕದ ಬೆನ್ನಿಗೆ. ಒಮ್ಮೆ ಇವಳು ಅಂಗೈಯಗಲದ ಬಿಳಿ ಕಾಗದವನ್ನು ಅಂಟು ಒರೆಸಲು ಬಳಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ಅವನು ಹೋಗಿ ತಿಂಗಳಾಗಿತ್ತು. ಒಂದು ಮಧ್ಯಾಹ್ನ ಚಪ್ಪಲಿಯನ್ನು ಹೊರಗೆ ಬಿಟ್ಟು ಒಬ್ಬ ನಡುವಯಸ್ಸಿನವನು ಅಂಗಡಿಯೊಳಗೆ ಬಂದ. ದಾರದಮ್ಮ ತಲೆ ಎತ್ತದೆಯೇ ಹೇಳಿದಳು: "ಅಂಟು ಇನ್ನೂ ಆರಿಲ್ಲ. ನಾಳೆ ಬನ್ನಿ."

"ನಾನು ಗಿರಾಕಿ ಅಲ್ಲಮ್ಮ, ಕೋರ್ಟಿನ ಅಮೀನ. ಮೇಸ್ತ್ರಿಗಳು ಇದ್ದಾರಾ?"

"ಇದ್ದಾರೆ," ಎಂದು ಅವಳು ಗೋಡೆಯ ಮೇಲಿನ ಫೋಟೋ ತೋರಿಸಿದಳು.

ಅಮೀನ ಫೋಟೋ ನೋಡಿದ, ಕೈಯಲ್ಲಿದ್ದ ಕಾಗದ ನೋಡಿದ, ಕೇಳದೆಯೇ ಸ್ಟೂಲಿನ ಮೇಲೆ ಕೂತ. ವಿಷಯವನ್ನು ಮೂರು ಸಲ ಹೇಳಬೇಕಾಯಿತು. ಎರಡನೆಯ ಸಲದ ಹೊತ್ತಿಗೆ ಅವಳು ಸೂಜಿಯ ಡಬ್ಬಿಯಿಂದ ಯಂತ್ರ ತೆಗೆದು ಕಿವಿಗೆ ಹಾಕಿಕೊಂಡಳು. ಸಾಲ ಆ ಯಂತ್ರದ್ದೇ ಎಂದು ಆಗ ತಿಳಿಯಿತು. ಮೇಸ್ತ್ರಿ ಅದನ್ನು ಹನ್ನೆರಡು ಕಂತಿಗೆ ತಂದಿದ್ದ. ಐದು ಕಟ್ಟಿದ್ದ, ಆಮೇಲೆ ಕಟ್ಟಿರಲಿಲ್ಲ. ಕಂಪನಿಯವರು ಕೋರ್ಟಿಗೆ ಹೋದರು. ಕರೆದ ದಿನ ಇವರ ಕಡೆಯಿಂದ ಯಾರೂ ಬರಲಿಲ್ಲವಾಗಿ ತೀರ್ಪು ಕಂಪನಿಯ ಪರವಾಗಿ ಆಯಿತು. ಈಗ ಉಳಿದ ಹಣಕ್ಕೆ ಮೇಸ್ತ್ರಿಯ ಸೊತ್ತು ಜಪ್ತಿ.

"ಪೂರ್ತಿ ದುಡ್ಡು ಕೊಟ್ಟು ತಂದೆ ಅಂದಿದ್ರು," ಎಂದಳು ದಾರದಮ್ಮ.

"ಗಂಡಸರು ಹಾಗೇ ಹೇಳೋದಮ್ಮ. ನಾನೂ ಫ್ರಿಜ್ ತಂದಾಗ ಹಾಗೇ ಹೇಳಿದ್ದೆ." ಅಮೀನ ಪಟ್ಟಿ ತೆರೆದ. "ಕಂಪನಿಯವರು ಬರೆದುಕೊಟ್ಟಿರೋದು ಒಂದೇ ಬಾಬತ್ತು. ಅಂಗಡಿಯ ಸಾಮಾನು, ಕಟ್ಟಿಂಗ್ ಮಷೀನು ಒಂದು."

ದಾರದಮ್ಮ ತಿರುಗಿ ನೋಡಿದಳು. ಕೋಣೆಯ ಅರ್ಧ ತುಂಬಿಕೊಂಡು ಹಸಿರು ಬಣ್ಣದ ಕಬ್ಬಿಣದ ಮಷೀನು ನಿಂತಿತ್ತು. ಅದರ ಹಿಡಿ ಮೇಸ್ತ್ರಿಯ ಅಂಗೈ ಉಜ್ಜಿ ಬೆಳ್ಳಗಾಗಿತ್ತು. ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಅಂಚು ಸಮ ಕತ್ತರಿಸದ ಪುಸ್ತಕವನ್ನು ಯಾರು ಮುಟ್ಟುತ್ತಾರೆ? ಅದು ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಈ ವಯಸ್ಸಿನಲ್ಲಿ ಅವಳ ತುತ್ತು ಹೋಯಿತು.

"ಕೋರ್ಟಿಂದ ಕರೆಯ ಕಾಗದ ಬಂದಿತ್ತಲ್ಲಮ್ಮ," ಎಂದ ಅಮೀನ. "ತಗೊಂಡಿದ್ದಕ್ಕೆ ಗುರುತಿದೆ, ಹೆಬ್ಬೆಟ್ಟು."

ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. ಮೇಸ್ತ್ರಿ ಜ್ವರದಲ್ಲಿ ಮಲಗಿದ್ದ ದಿನ ಯಾರೋ ಬಂದು ಒತ್ತಿಸಿಕೊಂಡು, ದುಂಡು ಮೊಹರಿನ ಕಾಗದ ಕೊಟ್ಟು ಹೋಗಿದ್ದರು. ಮುದ್ರಿತ ಕಾಗದ. ಮನೆಯ ಕಟ್ಟಳೆಯಂತೆ ಅವಳು ಅದನ್ನು ಬುಟ್ಟಿಗೆ ಹಾಕಿದ್ದಳು.

"ನಾನೇ ಹಾಕಿದೆ," ಎಂದಳು, ಯಾರಿಗೋ ಎಂಬಂತೆ.

ಅಮೀನನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಅವಳ ಮುಖ ಮಾತ್ರ. "ಸೋಮವಾರ ಕೋರ್ಟಿಗೆ ಬನ್ನಿ. ಇವತ್ತು ಬಂದಿದ್ದೆ, ಬಾಗಿಲು ಹಾಕಿತ್ತು ಅಂತ ಬರಕೋತೀನಿ."

"ಬಾಗಿಲು ತೆಗೆದೇ ಇದೆಯಲ್ಲಪ್ಪ. ಸುಳ್ಳು ಯಾಕೆ ಬರೀತೀಯ?"

ಅಮೀನ ಎದ್ದು ಹೊರಗೆ ಹೋಗಿ, ಬಾಗಿಲನ್ನು ಎಳೆದುಕೊಂಡು, ಸಂದಿಯಿಂದ ಹೇಳಿದ: "ಈಗ ಹಾಕಿದೆ ನೋಡಿ."

ಅವಳ ಮೈದುನ ಕೋರ್ಟಿನ ಗೇಟಿನ ಮುಂದೆ ಟೈಪ್ ಮಷೀನು ಇಟ್ಟುಕೊಂಡು ಅರ್ಜಿ ಬರೆದುಕೊಡುವವನು. ವಕೀಲನಲ್ಲ, ಆದರೆ ವಕೀಲರಿಗಿಂತ ಹೆಚ್ಚು ಬಲ್ಲೆನೆಂದು ಅವನ ಎಣಿಕೆ. ಅತ್ತಿಗೆಯ ಮಾತು ಕೇಳಿ ಅವನ ಕಣ್ಣು ಅರಳಿತು.

"ಅತ್ತಿಗೆ, ನೀವು ಅಳೋದಲ್ಲ, ನಗಬೇಕು. ಅಣ್ಣನಿಗೆ ಕಾಯಿಲೆ. ನಿಮಗೆ ಓದು ಬರಲ್ಲ. ಕಾಗದ ಬುಟ್ಟಿಗೆ ಹೋಯ್ತು, ಅಣ್ಣನಿಗೆ ವಿಷಯವೇ ಗೊತ್ತಾಗಲಿಲ್ಲ. ಹಾಗಂತ ಪ್ರಮಾಣ ಮಾಡಿದರೆ ತೀರ್ಪು ರದ್ದಾಗುತ್ತೆ, ಕೇಸು ಮೊದಲಿಂದ ಶುರು. ಅದು ಮುಗಿಯೋದರಲ್ಲಿ ಕಂಪನಿಯವರಿಗೇ ಬೇಜಾರಾಗಿ ಬಿಟ್ಟುಬಿಡ್ತಾರೆ. ಆ ಕಾಗದ ಮಾತ್ರ ಸಿಗಬೇಕು. ಎಲ್ಲಿದೆ?"

ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಬುಟ್ಟಿಯನ್ನು ಆಗಲೇ ಬಗ್ಗಿಸಿ ನೋಡಿದ್ದಳು, ಅದರಲ್ಲಿ ಇರಲಿಲ್ಲ. ಜ್ವರ ಬಿಟ್ಟು ಆಸ್ಪತ್ರೆ ಸೇರುವ ನಡುವೆ ಮೇಸ್ತ್ರಿ ಎದ್ದು ಮಾಡಿದ ಕೆಲಸ ಒಂದೇ. ಮನೆಯ ಪ್ರಾರ್ಥನೆ ಪುಸ್ತಕಕ್ಕೆ ರಟ್ಟು ಹಾಕಿದ್ದು. ಊರಿಗೆಲ್ಲ ರಟ್ಟು ಹಾಕುವವನ ಮನೆಯ ಪುಸ್ತಕ ಮೂವತ್ತೆಂಟು ವರ್ಷ ದಾರದಲ್ಲಿ ಕಟ್ಟಿಕೊಂಡೇ ಬಿದ್ದಿತ್ತು. ದಿನಾ ಸಂಜೆ ಅವನು ಅದರಿಂದ ಗಟ್ಟಿಯಾಗಿ ಓದುವನು, ಅವಳು ಕೈಮುಗಿದು ಕೇಳುವಳು. ಕಿವಿ ಮಂದವಾದ ಮೇಲೂ ತಲೆದೂಗುವುದನ್ನು ಬಿಡಲಿಲ್ಲ. ಒಂದು ಸಂಜೆ ಅವನು ಓದು ನಿಲ್ಲಿಸಿ, ಹತ್ತಿರ ಬಂದು ಕೂಗಿ ಕೇಳಿದ: "ಇವತ್ತಿನದು ಹೇಗಿತ್ತು?"

"ಬಹಳ ಚೆನ್ನಾಗಿತ್ತು. ಮನಸ್ಸಿಗೆ ಹಿತವಾಯ್ತು."

"ನಾನು ಓದಿದ್ದು ರಟ್ಟಿನ ಅಂಗಡಿಯ ದರಪಟ್ಟಿ ಕಣೇ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮರುವಾರ ಕಿವಿಗೆ ಯಂತ್ರ ಬಂದಿತ್ತು.

ಭಾನುವಾರ ಬೆಳಿಗ್ಗೆ ಅವಳು ಆ ಪುಸ್ತಕವನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಕೂತಳು. ಅವನ ಕೈಯ ಕೊನೆಯ ಕೆಲಸ. ಮೂಲೆಗಳು ನಾಲ್ಕೂ ಒಂದೇ ಅಚ್ಚಿನಂತೆ ಇದ್ದವು. ಮಷೀನು ಉಳಿಯಬೇಕಾದರೆ ಇದನ್ನು ಬಿಚ್ಚಬೇಕು. "ತಪ್ಪು ನನ್ನದು, ಮತ್ತೆ ನಾನೇ ಕಟ್ಟುತ್ತೇನೆ" ಎಂದು ಫೋಟೋದ ಕಡೆ ಹೇಳಿ, ರಟ್ಟು ಮಡಚುವ ಕೀಲಿನ ಬಟ್ಟೆಯನ್ನು ಚಾಕುವಿನ ತುದಿಯಿಂದ ಸೀಳಿ ರಟ್ಟು ಬಿಡಿಸಿದಳು. ಒದ್ದೆ ಬಟ್ಟೆಯನ್ನು ಬೆನ್ನಿನ ಮೇಲೆ ಹಾಸಿ, ಅಂಟು ನೆನೆಯಲು ಬಿಟ್ಟಳು.

ಬಟ್ಟೆ ತೆಗೆದಾಗ ಮೊದಲು ಕಂಡದ್ದು ಬಿಳಿ ಹಾಳೆ.

ಅವಳ ಕೈ ನಿಂತಿತು. ಹೊಸ ಹಾಳೆ, ಒಂದು ಗೆರೆ ಇಲ್ಲದ್ದು, ದಪ್ಪನೆಯದು. ಅದರ ತುದಿ ಎತ್ತಿದಳು. ಕೆಳಗೆ ಕೋರ್ಟಿನ ಕಾಗದವಿತ್ತು. ಬೆನ್ನಿನ ಅಳತೆಗೆ ಮಡಿಸಿದ್ದ. ದುಂಡು ಮೊಹರಿನ ಮೇಲೆ ಮಡಿಕೆ ಬೀಳದ ಹಾಗೆ ಮಡಿಸಿದ್ದ. ಅದರ ಮೇಲೆ, ಯಾರೂ ಎಂದೂ ನೋಡದ ಜಾಗದಲ್ಲಿ, ಬಿಳಿ ಹಾಳೆಯನ್ನು ಹೊದಿಸಿದ್ದ. ಅಂಗೈಯಗಲ ಕಾಗದಕ್ಕೆ ಎರಡು ದಿನ ಮಾತು ಬಿಟ್ಟವನು.

ಅಕ್ಷರ ಬಾರದ ದಾರದಮ್ಮ ಅದನ್ನು ಓದಿದಳು. ಅವನಿಗೆ ಗೊತ್ತಿತ್ತು. ಬುಟ್ಟಿಯಿಂದ ಕಾಗದ ತೆಗೆದಿದ್ದ, ಓದಿದ್ದ, ಹೆಂಡತಿಗೆ ಹೇಳಲಾರದೆ ಪ್ರಾರ್ಥನೆ ಪುಸ್ತಕದೊಳಗೆ ಬಚ್ಚಿಟ್ಟು ಮೇಲೆ ಹೊದಿಕೆ ಹಾಕಿದ್ದ. ಇಷ್ಟು ದಿನ ಎದೆಯ ಮೇಲಿದ್ದ ತಪ್ಪು ತನ್ನದಲ್ಲವೆಂದು ತಿಳಿದಾಗ ಅವಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಮೊದಲು ಸಿಟ್ಟು ಬಂತು. "ನನ್ನ ಹತ್ತಿರ ಹೇಳಿದ್ರೆ ಆ ಯಂತ್ರ ಹಿಂದಕ್ಕೆ ಕೊಡ್ತಿದ್ದೆನಲ್ಲ," ಎಂದು ಬೈದಳು. ಬೈದ ಮೇಲೆ ಅಳು ಬಂತು. ಹಿಂದಕ್ಕೆ ಕೊಡುತ್ತಾಳೆಂದು ಗೊತ್ತಿದ್ದೇ ಅವನು ಹೇಳಿರಲಿಲ್ಲ.

ಮೈದುನ ಸಂಜೆ ಅರ್ಜಿ ಟೈಪು ಮಾಡಿಕೊಂಡು, ಮಸಿಯ ಪ್ಯಾಡು ಸಮೇತ ಬಂದ. ಕಾಗದ ನೋಡಿ, "ಸಿಕ್ಕಿತಲ್ಲ. ಇಲ್ಲಿ ಒತ್ತಿ," ಎಂದ.

"ಒತ್ತೋದಿಲ್ಲಪ್ಪ. ಅವರಿಗೆ ಗೊತ್ತಿತ್ತು."

"ಯಾರು ಹೇಳಿದ್ರು?"

ಅವಳು ಬಿಳಿ ಹಾಳೆ ತೋರಿಸಿದಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿದ. "ಇದರಲ್ಲೇನಿದೆ? ಖಾಲಿ."

"ಖಾಲಿ ಅಂತಾನೇ ಹೇಳ್ತಿರೋದು. ನಿಮ್ಮಣ್ಣ ಖಾಲಿ ಹಾಳೆಯನ್ನ ಬೆನ್ನಿಗೆ ಅಂಟಿಸಿದ್ದು ಎಂದಾದರೂ ನೋಡಿದೀಯಾ?"

ಮೈದುನ ಹಾಳೆಯನ್ನು ಮೇಜಿನ ಮೇಲಿಟ್ಟ. ಚಿಕ್ಕವನಾಗಿದ್ದಾಗ ಹೊಸ ಹಾಳೆಯಲ್ಲಿ ದೋಣಿ ಮಾಡಿ ಅಣ್ಣನಿಂದ ಕಿವಿ ಹಿಂಡಿಸಿಕೊಂಡವನು ಅವನು. ಆದರೂ ಬಿಡಲಿಲ್ಲ. "ಅತ್ತಿಗೆ, ಇದು ನಿಮಗೂ ನನಗೂ ಗೊತ್ತು. ಜಡ್ಜಿಗೆ ಹಾಳೆ ಬಂದು ಚಾಡಿ ಹೇಳುತ್ತಾ? ಮಷೀನು ಹೋದರೆ ಊಟಕ್ಕೇನು ಮಾಡ್ತೀರಿ?"

"ಅದು ನಂಗೂ ಗೊತ್ತಿಲ್ಲ. ಆದರೆ ದಿನಾ ಸಂಜೆ ಅವರಿಗೆ ಶಾಂತಿ ಕೊಡು ಅಂತ ದೇವರನ್ನ ಕೇಳ್ತೀನಿ. ಬೆಳಿಗ್ಗೆ ಅವರ ಹೆಸರು ಹಿಡಿದು ಸುಳ್ಳು ಪ್ರಮಾಣ ಮಾಡಿ, ಸಂಜೆ ಯಾವ ಬಾಯಲ್ಲಿ ಕೇಳಲಿ?"

ಅವನು ಪ್ಯಾಡಿನ ಮುಚ್ಚಳ ಹಾಕಿದ. "ನಿಮ್ಮಂಥವರು ನಾಲ್ಕು ಜನ ಸಿಕ್ಕಿದರೆ ನನ್ನ ಟೈಪ್ ಮಷೀನೂ ಮಾರಬೇಕಾಗುತ್ತೆ," ಎಂದು ಗೊಣಗಿದ.

ಸೋಮವಾರ ಕೋರ್ಟಿನಲ್ಲಿ ಅವಳ ಸರದಿ ಬರುವಾಗ ಮಧ್ಯಾಹ್ನವಾಯಿತು. ನ್ಯಾಯಾಧೀಶರು ಹೆಂಗಸು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಕಂಪನಿಯ ವಕೀಲ ಇನ್ನೂ ಮೀಸೆ ಗಟ್ಟಿಯಾಗದ ಹುಡುಗ. ಕರೆ ಬಂದರೂ ಯಾಕೆ ಬರಲಿಲ್ಲವೆಂದು ಕೇಳಿದಾಗ ದಾರದಮ್ಮ ಹೇಳಿದಳು:

"ನನಗೆ ಗೊತ್ತಿರಲಿಲ್ಲಮ್ಮ. ನಮ್ಮವರಿಗೆ ಗೊತ್ತಿತ್ತು. ನಾಚಿಕೆಯಾಗಿ ಬಚ್ಚಿಟ್ಟಿದ್ರು. ಸಾಲ ನಿಜ. ವಸ್ತು ನನ್ನ ಕಿವಿಯಲ್ಲೇ ಇದೆ, ಬೇಕಾದರೆ ತಗೊಳ್ಳಿ." ಹೇಳುತ್ತ ಯಂತ್ರವನ್ನು ತೆಗೆದು ಮುಂದಿನ ಕಟಕಟೆಯ ಮೇಲಿಟ್ಟಳು.

ನ್ಯಾಯಾಧೀಶರು ಏನೋ ಹೇಳಿದರು. ದಾರದಮ್ಮ ಅಭ್ಯಾಸದಂತೆ ತಲೆದೂಗಿದಳು. ಹಿಂದೆ ಕೂತವರು ನಕ್ಕರು. ಬಾಗಿಲ ಬಳಿ ನಿಂತಿದ್ದ ಅಮೀನ ಬಂದು, ಯಂತ್ರವನ್ನು ಅವಳ ಕೈಗೆ ಕೊಟ್ಟು, ಹಾಕಿಕೊಳ್ಳುವಂತೆ ಸನ್ನೆ ಮಾಡಿದ.

"ಹಾಕ್ಕೊಳ್ಳಿ ಅಂದೆ ಅಮ್ಮ. ಇಲ್ಲದಿದ್ದರೆ ನನ್ನ ಆದೇಶ ನಿಮಗೆ ಹೇಗೆ ಕೇಳಬೇಕು?" ಎಂದರು ನ್ಯಾಯಾಧೀಶರು. ಪಟ್ಟಿ ತಿರುವಿದರು. "ಈ ಕಟ್ಟಿಂಗ್ ಮಷೀನು ಯಾತಕ್ಕೆ?"

"ಪುಸ್ತಕದ ಅಂಚು ಕತ್ತರಿಸೋಕೆ."

"ಈಗ ಯಾರು ಕತ್ತರಿಸ್ತಾರೆ?"

"ನಾನೇ. ಹಿಡಿ ಎಳೆಯೋಕೆ ಎರಡು ಕೈ ಬೇಕು. ಅವರಿಗೆ ಒಂದು ಸಾಕಿತ್ತು."

ನ್ಯಾಯಾಧೀಶರು ವಕೀಲನ ಕಡೆ ತಿರುಗಿದರು. "ಕಸುಬಿನ ಉಪಕರಣವನ್ನ ಅಂಗಡಿ ಸಾಮಾನು ಅಂತ ಬರೆದಿದ್ದೀರಿ. ಕೈಕಸುಬು ಮಾಡಿ ತಿನ್ನುವವರ ಉಪಕರಣ ಜಪ್ತಿ ಮಾಡುವ ಹಾಗಿಲ್ಲ. ಗೊತ್ತಿಲ್ವಾ?" ವಕೀಲ ತನ್ನ ಕಡತದೊಳಗೆ ತಲೆ ಹಾಕಿದ. ಪಟ್ಟಿಯ ಆ ಸಾಲಿಗೆ ಗೆರೆ ಬಿತ್ತು. ತೀರ್ಪು ಮಾತ್ರ ತೀರ್ಪೇ. ಸಾಲ ಹೋಗಲಿಲ್ಲ, ಕೋರ್ಟಿನ ಖರ್ಚೂ ಸೇರಿತು. ಅವಳು ಒಪ್ಪಿದಷ್ಟನ್ನು ತಿಂಗಳು ತಿಂಗಳು ಕಟ್ಟಬೇಕೆಂದು ಆಯಿತು.

ಹೊರಗೆ ಬಂದ ಮೇಲೆ ಮೈದುನ ತನ್ನ ಟೈಪ್ ಮಷೀನು ಬಿಟ್ಟು ಅವಳ ಜೊತೆ ನಡೆದ. "ಉಪಕರಣದ ವಿಷಯ ನಾನೇ ಅರ್ಜಿಯಲ್ಲಿ ಹಾಕಬಹುದಿತ್ತು, ಹೊಳೀಲಿಲ್ಲ," ಎಂದ.

"ನಿನಗೆ ಬುದ್ಧಿ ಜಾಸ್ತಿಯಪ್ಪ. ಅದಕ್ಕೇ ನೆಟ್ಟಗಿರೋದು ಹೊಳೆಯಲ್ಲ."

ಮನೆಗೆ ಬಂದು ಅವಳು ಅಂಟು ಕಲಸಿದಳು. ಕೋರ್ಟಿನ ಕಾಗದವನ್ನು ಅದೇ ಮಡಿಕೆಯಲ್ಲಿ, ಅದೇ ಬೆನ್ನಿಗೆ ಮತ್ತೆ ಅಂಟಿಸಿದಳು. ಬಿಳಿ ಹಾಳೆಯನ್ನು ಹಾಕಲಿಲ್ಲ; ಅದನ್ನು ಒಣಗಿಸಿ, ಬಾಗು ಹೋಗಲೆಂದು ಭಾರದ ಕೆಳಗಿಟ್ಟಳು. ರಟ್ಟು ಕೂರಿಸಿದ ಪುಸ್ತಕ ಮೂರು ದಿನ ಭಾರದ ಒತ್ತಿನಲ್ಲಿ ಕೂತಿತು. ಕೀಲಿನ ಹತ್ತಿರ ತೇಪೆ ಕಾಣುತ್ತಿತ್ತು. ಅವನಾಗಿದ್ದರೆ ಕಾಣಿಸುತ್ತಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡಳು. ಓದುವವರಿಲ್ಲ. ಕಿವಿಗೆ ಯಂತ್ರ ಹಾಕಿಕೊಂಡು, ಅವನು ಕೂರುತ್ತಿದ್ದ ಕಡೆಗೆ ಮುಖ ಮಾಡಿ, ತಾನೇ ಗಟ್ಟಿಯಾಗಿ ಹೇಳಿದಳು. ತನ್ನ ದನಿ ತನಗೇ ಸ್ಪಷ್ಟವಾಗಿ ಕೇಳಿಸಿತು:

"ದೇವರೇ, ನನಗೆ ಓದಿ ಹೇಳುತ್ತಿದ್ದವರು ನಿನ್ನ ಹತ್ತಿರ ಬಂದಿದ್ದಾರೆ. ಅವರು ಮುಚ್ಚಿಟ್ಟದ್ದನ್ನು ನಾನು ಬಿಚ್ಚಿ ಹೇಳಿದ್ದೇನೆ, ಇನ್ನು ಅವರು ನಾಚಬೇಕಾಗಿಲ್ಲ. ಉಳಿದ ಕಂತು ನನ್ನ ಮೇಲಿರಲಿ, ಅವರ ಮೇಲೆ ಏನೂ ಬೇಡ. ದುಡಿದ ಕೈ ಅದು, ಅದಕ್ಕೆ ವಿಶ್ರಾಂತಿ ಕೊಡು. ನಮ್ಮವರ ಆತ್ಮಕ್ಕೆ ಶಾಂತಿ ಕೊಡು."